ಹಿಂದಿನ ಕೋಣೆಯ ಚಿಪ್ಪಣಬೆ

ಆಸ್ಪತ್ರೆಯ ಪಥ್ಯದ ಅಡುಗೆಮನೆಯಲ್ಲಿ ಅವಳ ಕೆಲಸ ಅಡುಗೆ ಮಾಡುವುದಲ್ಲ, ತೂಗುವುದು. ಕಿಡ್ನಿ ವಾರ್ಡಿನ ಹಾಸಿಗೆಗೆ ಇಷ್ಟು ಗ್ರಾಂ ಅನ್ನ, ಸಕ್ಕರೆ ಕಾಯಿಲೆಯವರಿಗೆ ಇಷ್ಟು ತರಕಾರಿ, ಹೆರಿಗೆ ವಾರ್ಡಿಗೆ ಒಂದು ಮೊಟ್ಟೆ ಹೆಚ್ಚು. ಹೀಗೆ ಚೀಟಿ ನೋಡಿ, ತೂಗಿ, ತಟ್ಟೆಗೆ ಹಾಕಿ, ಅಂಚಿಗೆ ನಂಬರು ಅಂಟಿಸಿ ಗಾಡಿಗೆ ಏರಿಸಬೇಕು. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಅಡುಗೆಯವರು ಅವಳನ್ನು ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಆಡಿಸಿ ನಲವತ್ತು ಗ್ರಾಂ ಎಂದರೆ ಮೂವತ್ತೊಂಬತ್ತೋ ನಲವತ್ತೋ ಇರುತ್ತಿತ್ತು. ಅದೊಂದೇ ಅವಳು ನಾಲ್ಕು ಜನರ ಮುಂದೆ ತೋರಿಸುತ್ತಿದ್ದ ಜಂಬ. ಉಳಿದಂತೆ ಅವಳದು ಅಳೆದು ತೂಗಿ ಆಡುವ ಮಾತು, ಅದೂ ದಿನಕ್ಕೆ ಹತ್ತೋ ಹನ್ನೆರಡೋ.

ಅವಳಿಗೊಬ್ಬ ತಮ್ಮ, ಹನ್ನೊಂದು ವರ್ಷಕ್ಕೆ ಚಿಕ್ಕವನು. ತಾಯಿ ತೀರಿಕೊಂಡ ಮೇಲೆ ಮೂರನೇ ಮಹಡಿಯ ಆ ಮನೆಯಲ್ಲಿ ಉಳಿದವರು ಇಬ್ಬರೇ. ಅಕ್ಕನಿಗೆ ಮದುವೆ ಕೂಡಿಬರಲಿಲ್ಲ. ತಮ್ಮ ಮದುವೆಯಾಗಿ ಎರಡು ವರ್ಷಕ್ಕೆ ಪೆಟ್ಟಿಗೆ ಹಿಡಿದುಕೊಂಡು ಅಕ್ಕನ ಮನೆಗೇ ವಾಪಸು ಬಂದಿದ್ದ. ಯಾರು ಯಾರನ್ನು ಬಿಟ್ಟರು ಎಂಬ ಮಾತನ್ನು ಅವಳು ಎತ್ತಲಿಲ್ಲ, ಅವನು ಹೇಳಲಿಲ್ಲ. ಅವನಿಗೆ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಕೆಲಸ. ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ಅರ್ಧ ಗಂಟೆ ತಡ, ಯಾವ ಬೂದು ಬಣ್ಣದ ಚೀಲಕ್ಕೆ ವಾರಸುದಾರರು ಇಲ್ಲ ಎಂದು ಹೇಳುತ್ತಿದ್ದ. ಜೊತೆಯವರೆಲ್ಲ ಅವನನ್ನು ಮೈಕು ಎನ್ನುತ್ತಿದ್ದರು. ಹನ್ನೆರಡು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ, ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಹೇಳುವುದು ಅವನ ಹೆಚ್ಚುಗಾರಿಕೆ.

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ನ್ಯುಮೋನಿಯಾ ಆಯಿತು. ಅಕ್ಕನ ಆಸ್ಪತ್ರೆಯಲ್ಲೇ ಹತ್ತೊಂಬತ್ತು ದಿನ ಮಲಗಿದ್ದ. ಬದುಕಿ ಎದ್ದು ಬಂದಾಗ ಹನ್ನೊಂದು ಕಿಲೋ ಇಳಿದಿದ್ದ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಮೊಳೆಯಲ್ಲಿ ಮೂರು ತೂತು ಹೊಸದಾಗಿ ಹೊಡೆದುಕೊಂಡ. ಮಾಂಸದ ವಾಸನೆ ಬಂದರೆ ವಾಂತಿ, ಮೊಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದ, ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು. ವಾರ್ಡಿನ ಡಾಕ್ಟರು, "ಇನ್ನು ಔಷಧಿಯಿಂದ ಆಗೋದು ಏನಿಲ್ಲ, ತಿನ್ನಿಸಿ. ಪ್ರೋಟೀನ್ ಹೋಗ್ಬೇಕು ಮೈಗೆ," ಎಂದು ಹೇಳಿ ಕಳಿಸಿದರು. ಊರಿನ ಅರ್ಧ ರೋಗಿಗಳಿಗೆ ತೂಕ ಹಾಕಿ ತಿನ್ನಿಸಿದವಳಿಗೆ ಮನೆಯಲ್ಲಿ ಒಬ್ಬನ ಹೊಟ್ಟೆಗೆ ಏನು ಹಾಕಬೇಕೆಂದು ತಿಳಿಯಲಿಲ್ಲ.

ಆ ದಿನಗಳಲ್ಲೇ ಅಡುಗೆಮನೆಯವರಿಗೆ ಎರಡು ದಿನದ ಅಣಬೆ ತರಬೇತಿ ಇಟ್ಟಿದ್ದರು. ತೋಟಗಾರಿಕೆ ಇಲಾಖೆಯಿಂದ ಬಂದ ತರಬೇತುದಾರ ಸಣಕಲು ಮನುಷ್ಯ. ಅಡುಗೆಮನೆಯ ಹಿಂದಿನ ಶೆಡ್ಡಿನಲ್ಲಿ ಬಿಸಿನೀರಲ್ಲಿ ನೆನೆಸಿದ ಹುಲ್ಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾ, ನಡುನಡುವೆ ಬಿಳಿ ಬೂಜು ಹಿಡಿದ ಕಾಳಿನ ಬೀಜ ಉದುರಿಸುತ್ತಾ ಮಾತಾಡಿದ. "ಇದು ಚಿಪ್ಪಣಬೆ. ಕೊಬ್ಬು ಇಲ್ಲ ಅನ್ನೋಷ್ಟು ಕಡಿಮೆ. ಉಪ್ಪಿನಂಶ ಕಡಿಮೆ, ಪೊಟ್ಯಾಷಿಯಂ ಜಾಸ್ತಿ. ನಾರು ಇದೆ, ಬಿ ವಿಟಮಿನ್ನುಗಳಿವೆ, ಒಂದಿಷ್ಟು ಕಬ್ಬಿಣ ಇದೆ. ಬಿಸಿಲಿಗೆ ಅಂಗಾತ ಮಲಗಿಸಿ, ಅಂದ್ರೆ ಕೆಳಗಿನ ಗೆರೆ ಮೇಲಕ್ಕೆ ಬರೋ ಹಾಗೆ ಒಣಗಿಸಿದ್ರೆ ಡಿ ವಿಟಮಿನ್ನೂ ಬರತ್ತೆ."

"ಪ್ರೋಟೀನ್?" ಎಂದು ಕೇಳಿದಳು. ತರಬೇತಿಯಲ್ಲಿ ಅವಳು ಬಾಯಿಬಿಟ್ಟಿದ್ದು ಅದೊಂದೇ ಸಲ.

"ಹಸೀದ್ರಲ್ಲಿ ನೂರಕ್ಕೆ ಮೂರು ಗ್ರಾಂ. ನೀರೇ ಜಾಸ್ತಿ ಅಲ್ವಾ. ಒಣಗಿಸಿದ್ರೆ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ."

ಅವನು ಹಂಚಿದ ಕರಪತ್ರದಲ್ಲಿ ಇನ್ನೂ ಬಹಳ ಇತ್ತು. ಕೊಲೆಸ್ಟರಾಲ್ ಇಳಿಸುತ್ತದೆ, ಸಕ್ಕರೆ ಹತೋಟಿಗೆ ತರುತ್ತದೆ, ರೋಗನಿರೋಧಕ ಶಕ್ತಿಯನ್ನು ಇಮ್ಮಡಿ ಮಾಡುತ್ತದೆ, ಗೆಡ್ಡೆಗಳನ್ನು ಕರಗಿಸುತ್ತದೆ, ಶ್ವಾಸಕೋಶವನ್ನು ಶುದ್ಧಿ ಮಾಡುತ್ತದೆ. ಅವಳು ಊಟದ ವಿರಾಮದಲ್ಲಿ ಪೆನ್ನು ಹಿಡಿದು ಕೂತು, ಪಥ್ಯದ ಪುಸ್ತಕದ ಜೊತೆ ಹೋಲಿಸಿ ನೋಡಿದಳು. ಕೊಲೆಸ್ಟರಾಲ್ ಮುಂದೆ 'ಇರಬಹುದು' ಎಂದು ಬರೆದಳು. ಕೊನೆಯ ಮೂರು ಸಾಲುಗಳ ಮೇಲೆ ಗೆರೆ ಎಳೆದಳು. ಕಂಡಿದ್ದನ್ನು ಮಾತ್ರ ನಂಬುವವಳು ಅವಳು.

ಎರಡನೇ ದಿನದ ತರಬೇತಿಗೆ ಹೋಗಲಾಗಲಿಲ್ಲ. ಬೆಳಿಗ್ಗೆ ತಮ್ಮನಿಗೆ ತಲೆ ಸುತ್ತಿ ಬಚ್ಚಲಲ್ಲಿ ಕೂತುಬಿಟ್ಟಿದ್ದ, ರಜೆ ಹಾಕಿದಳು. ಮಾರನೆಯ ದಿನ ಅಡುಗೆಯವನೊಬ್ಬ ಅವಳ ಪಾಲಿನ ಬೀಜದ ಪೊಟ್ಟಣವನ್ನು ಕೊಟ್ಟ. ಅದನ್ನು ಕೈಚೀಲದಲ್ಲಿ ಇಟ್ಟುಕೊಂಡು ಮನೆಗೆ ಬಂದಳು.

ತಾಯಿ ಮಲಗುತ್ತಿದ್ದ ಹಿಂದಿನ ಕೋಣೆ ಖಾಲಿ ಬಿದ್ದಿತ್ತು. ಅದಕ್ಕೆ ಒಂದೇ ಕಿಟಕಿ, ಬಿಸಿಲು ಬೀಳದ ಕಡೆಗೆ. ಯಾವಾಗಲೂ ತಣ್ಣಗೆ, ಗೋಡೆ ಮುಟ್ಟಿದರೆ ಕೈಗೆ ತೇವ. ಇಷ್ಟು ವರ್ಷ ಅದು ಮನೆಯ ಕುಂದಾಗಿತ್ತು, ಈಗ ಅದೇ ಅನುಕೂಲವಾಯಿತು. ಆ ಕೋಣೆಗೂ ತಮ್ಮ ಮಲಗುವ ಕೋಣೆಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಅಡ್ಡಗೋಡೆ, ಮೇಲೆ ಸೂರಿನ ತನಕ ಒಂದು ಮೊಳ ಖಾಲಿ ಬಿಟ್ಟಿತ್ತು. ಮೊದಲು ಆರು ಚೀಲ ತೂಗುಹಾಕಿದಳು. ದಿನಕ್ಕೆ ಮೂರು ಸಲ ನೀರು ಚಿಮುಕಿಸಿದಳು. ಮೂರು ವಾರಕ್ಕೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತು. ಚೀಲ ಸೀಳಿದ ನಾಲ್ಕೈದು ದಿನಕ್ಕೆ ಗುಂಡುಸೂಜಿ ತಲೆಯಷ್ಟು ಮೊಗ್ಗು. ಅದರ ಎರಡು ದಿನಕ್ಕೆ ಒಂದರ ಮೇಲೊಂದು ಹೊದಿಸಿದ ಹಾಗೆ ಬೂದು ಬಣ್ಣದ ಚಿಪ್ಪುಗಳು.

ಮೊದಲ ಕೊಯ್ಲನ್ನು ಈರುಳ್ಳಿ, ಮೆಣಸಿನಪುಡಿ ಹಾಕಿ ಹುರಿದು ತಟ್ಟೆಗೆ ಹಾಕಿಕೊಟ್ಟಳು. ತಮ್ಮ ಮೂಸಿ ನೋಡಿದ. ಒಂದು ತುಂಡು ಬಾಯಿಗಿಟ್ಟು ಅಗಿದ.

"ಹೇಗಿದೆ?"

"ಕೋಳಿ ಹಾಗಿದೆ. ಆದ್ರೆ ಕೋಳಿ ಪಾಪ ಅನ್ಸಲ್ಲ," ಎಂದ. ತಟ್ಟೆ ಖಾಲಿ ಮಾಡಿದ. ಇನ್ನೊಂದು ಸಲ ಹಾಕಿಸಿಕೊಂಡ. ನಾಲ್ಕು ತಿಂಗಳಲ್ಲಿ ಅವನು ಎರಡನೇ ಸಲ ಬಡಿಸಿಕೊಂಡಿದ್ದು ಅದೇ ಮೊದಲು. ಅಕ್ಕ ಒಲೆಯ ಕಡೆ ತಿರುಗಿ ನಿಂತು ಬಾಣಲೆ ತಿಕ್ಕಿದಳು, ಇನ್ನೂ ಬಿಸಿಯಿದ್ದ ಬಾಣಲೆಯನ್ನು.

ಅಲ್ಲಿಂದ ಆ ಮನೆಯಲ್ಲಿ ಅಣಬೆಯದೇ ರಾಜ್ಯ. ಬೆಳಿಗ್ಗೆ ಒಣಅಣಬೆಯ ಪುಡಿ ಕದಡಿದ ಬಿಸಿ ಸೂಪು, ಮಧ್ಯಾಹ್ನದ ಡಬ್ಬಿಗೆ ಅನ್ನದ ಜೊತೆ ಹುರಿದದ್ದು, ಸಂಜೆ ಬ್ರೆಡ್ಡಿನ ನಡುವೆ. ಪ್ರತಿ ಭಾನುವಾರ ತಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಆರು ತಿಂಗಳಿಗೆ ಏಳು ಕಿಲೋ ಮೇಲೆ ಬಂದ. ಬೆಲ್ಟಿನ ಹೊಸ ತೂತುಗಳು ಬೇಡವಾದವು. ಗಾಜಿನ ಗೂಡಿಗೆ ಮರಳಿದ. ನಿಲ್ದಾಣದ ಮೇಲ್ವಿಚಾರಕ, "ಮೈಕು ರಿಪೇರಿ ಆಗಿ ಬಂತಪ್ಪಾ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದನಂತೆ.

ಅಕ್ಕನಿಗೂ ಬಾಯಿ ಬಂತು. ಮೆಟ್ಟಿಲಲ್ಲಿ ಸಿಕ್ಕವರ ಜೊತೆ ನಿಂತು ಮಾತಾಡಿದಳು. ಎರಡನೇ ಮಹಡಿಯ ಟೀಚರಮ್ಮನಿಗೆ ಕೊಲೆಸ್ಟರಾಲ್ ಇತ್ತು. ಕೆಳಗಿನ ಮನೆಯ ಮುದುಕರಿಗೆ ರಕ್ತದೊತ್ತಡ. ಇಬ್ಬರಿಗೂ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು. "ಮಾತ್ರೆ ನಿಲ್ಲಿಸ್ಬೇಡಿ ಮತ್ತೆ. ಇದು ಊಟ, ಔಷಧಿ ಅಲ್ಲ. ಮಾಂಸದ ಬದಲಿಗೆ ಇದನ್ನ ತಿನ್ನಿ, ಅಷ್ಟೇ," ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಟೀಚರಮ್ಮ ನಗುತ್ತಾ, "ಡಾಕ್ಟ್ರು ಹೇಳಿದ ಮೇಲೆ ಮುಗೀತು," ಎಂದಳು. ಕಟ್ಟಡದಲ್ಲಿ ಅವಳಿಗೆ ಅಣಬೆ ಡಾಕ್ಟರ್ ಎಂಬ ಹೆಸರು ಬಿತ್ತು. ಕೋಣೆಯಲ್ಲಿ ನೀರು ಚಿಮುಕಿಸುವಾಗ ಗುನುಗುತ್ತಿದ್ದಳು. ಪದಗಳಿಲ್ಲದ, ರಾಗವೂ ಸರಿಯಿಲ್ಲದ ಗುನುಗು. ತಮ್ಮ ಅಡ್ಡಗೋಡೆಯ ಈಚೆ ಮಲಗಿ ಅದನ್ನು ಕೇಳುತ್ತಿದ್ದ. ತಾಯಿ ಹೋದಮೇಲೆ ಅಕ್ಕ ಗುನುಗಿದ್ದನ್ನು ಅವನು ಕೇಳಿರಲಿಲ್ಲ.

ಎರಡನೇ ವರ್ಷಕ್ಕೆ ಆರು ಚೀಲ ಮೂವತ್ತಾಗಿತ್ತು. ಕೆಲಸ ಮುಗಿಸಿ ಬರುವಷ್ಟರಲ್ಲಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಕೊಯ್ಯಲು ಆಗುತ್ತಿರಲಿಲ್ಲ. ಚಿಪ್ಪು ದೊಡ್ಡದಾದಷ್ಟೂ ತೂಕ ಹೆಚ್ಚು ಎಂದು ಅವಳೂ ಒಂದೆರಡು ದಿನ ಹೆಚ್ಚಿಗೆ ಬಿಡುತ್ತಿದ್ದಳು. ಪೂರ್ತಿ ಬಿಚ್ಚಿಕೊಂಡ ಚಿಪ್ಪುಗಳಿಂದ ಹೊಗೆಯ ಹಾಗೆ ಏನೋ ಇಳಿಯುತ್ತಿತ್ತು. ಕಿಟಕಿಯ ಕಟ್ಟೆ, ಕುರ್ಚಿಯ ಬೆನ್ನು, ತಮ್ಮನ ಕೋಣೆಯ ಕನ್ನಡಿ ಎಲ್ಲದರ ಮೇಲೂ ಹಿಟ್ಟು ಜರಡಿ ಹಿಡಿದಂತೆ ಬಿಳಿ ಪುಡಿ. ಅವಳು ಒಣಬಟ್ಟೆಯಲ್ಲಿ ಕೊಡವಿ ಒರೆಸುತ್ತಿದ್ದಳು.

ತಮ್ಮನಿಗೆ ಕೆಮ್ಮು ಶುರುವಾಯಿತು. ಒಣಕೆಮ್ಮು. ಸಂಜೆಯಾದರೆ ಮೈ ಬೆಚ್ಚಗೆ, ಕೈಕಾಲು ನೋವು, ಬೆಳಿಗ್ಗೆ ಹೊತ್ತಿಗೆ ಇಳಿಯುತ್ತಿತ್ತು. ಶೀತ ಎಂದುಕೊಂಡರು. ನ್ಯುಮೋನಿಯಾ ಆದ ಎದೆ, ಹಾಗೆಯೇ ಇರುತ್ತದೆ ಎಂದುಕೊಂಡರು. ಮೆಟ್ಟಿಲು ಹತ್ತುವಾಗ ಅವನು ಎರಡನೇ ಮಹಡಿಯಲ್ಲಿ ನಿಂತು, ಜೇಬಿನಲ್ಲಿ ಬೀಗದ ಕೈ ಹುಡುಕುವವನ ಹಾಗೆ ನಟಿಸುತ್ತಿದ್ದ.

ಅದೇ ಸಮಯಕ್ಕೆ ಇನ್ನೊಂದು ನಿಲ್ದಾಣದ ಅನೌನ್ಸರ್ ರಜೆ ಹಾಕಿದ್ದರಿಂದ ಇವನನ್ನು ಎಂಟು ದಿನದ ಮಟ್ಟಿಗೆ ಅಲ್ಲಿಗೆ ಕಳಿಸಿದರು. ಡ್ರೈವರುಗಳು ಮಲಗುವ ಕೋಣೆಯಲ್ಲಿ ಮಲಗಿದ, ಅವರ ಕ್ಯಾಂಟೀನಿನಲ್ಲಿ ಸಿಕ್ಕಿದ್ದು ತಿಂದ. ಮೂರನೇ ದಿನಕ್ಕೆ ಜ್ವರ ಇಲ್ಲ. ಐದನೇ ದಿನಕ್ಕೆ ಕೆಮ್ಮು ಇಲ್ಲ. ಎಂಟನೇ ದಿನ ಹನ್ನೆರಡು ಊರು ಒಂದೇ ಉಸಿರಿನಲ್ಲಿ ಹೇಳಿದ. ಮನೆಗೆ ಬಂದ ಸಂಜೆ ಅಕ್ಕ ಅವನಿಗಾಗಿ ಕೂಡಿಟ್ಟ ಅಣಬೆಯ ಬುಟ್ಟಿ ತೋರಿಸಿ, ಹೊಸ ಚೀಲಗಳನ್ನು ತೋರಿಸಲು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಊಟ ಮುಗಿಸುವ ಹೊತ್ತಿಗೆ ಅವನಿಗೆ ನಡುಕ ಹುಟ್ಟಿತ್ತು.

"ಹೊರಗಡೆ ಊಟ ಮಾಡಿ ಕೆಡಿಸ್ಕೊಂಡೆ ನೀನು," ಎಂದಳು ಅಕ್ಕ, ಹಣೆ ಮುಟ್ಟಿ ನೋಡುತ್ತಾ. "ಎಂಟು ದಿನ ಕಣ್ತಪ್ಪಿಸೋ ಹಾಗಿಲ್ಲ."

ಅವನು ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. "ಇರ್ಬೋದು," ಎಂದ.

ಅದಾದ ಮೇಲೆ ಏಳು ತಿಂಗಳು ಹಾಗೆಯೇ ಕಳೆಯಿತು. ಕ್ಯಾಲೆಂಡರಿನಲ್ಲಿ ತೂಕ ಇಳಿಯತೊಡಗಿತು. ಅವಳು ಅಣಬೆ ಹೆಚ್ಚಿಸಿದಳು. ಟಿಬಿ ಇರಬಹುದೇ ಎಂದು ಕಫ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಎರಡು ಸಲ ಆ್ಯಂಟಿಬಯಾಟಿಕ್ ಕೊಟ್ಟರು, ಪ್ರಯೋಜನವಾಗಲಿಲ್ಲ. ಒಂದು ಸಂಜೆ ಅವಳು ಪೆಟ್ಟಿಗೆಯ ತಳದಿಂದ ಹಳೆಯ ಕರಪತ್ರ ತೆಗೆದು, ತಾನೇ ಗೆರೆ ಎಳೆದಿದ್ದ ಸಾಲುಗಳನ್ನು ಬೆಳಕಿಗೆ ಹಿಡಿದು ಓದಿದಳು. ಶ್ವಾಸಕೋಶವನ್ನು ಶುದ್ಧಿ ಮಾಡುತ್ತದೆ. ಗೆರೆಯ ಕೆಳಗೆ ಅಕ್ಷರ ಇನ್ನೂ ಕಾಣುತ್ತಿತ್ತು. ಮರುದಿನ ಹತ್ತು ಹೊಸ ಚೀಲ ಕಟ್ಟಿದಳು. ಹಿಂದಿನ ಕೋಣೆ ಸಾಲದೆ ನಾಲ್ಕನ್ನು ತಮ್ಮನ ಮಂಚದ ಆಚೆ ಬದಿಗೆ ತೂಗುಹಾಕಿದಳು.

"ಇಲ್ಲಿ ಬೇಡ ಕಣೇ," ಎಂದ ಅವನು. ಅಷ್ಟೇ ಅವನು ಆಡಿದ ವಿರೋಧದ ಮಾತು.

"ಯಾಕೆ, ವಾಸನೆ ಬರತ್ತಾ?"

"ಇಲ್ಲ. ಇರ್ಲಿ ಬಿಡು."

ನಿಲ್ದಾಣದಲ್ಲಿ ಅವನ ಮಾತು ತುಂಡಾಗತೊಡಗಿತು. ಮೂರು ಊರಿಗೊಮ್ಮೆ ನಿಲ್ಲಿಸಿ ಉಸಿರೆಳೆಯುತ್ತಿದ್ದ, ಆ ಸದ್ದು ನಿಲ್ದಾಣದಲ್ಲೆಲ್ಲ ಕೇಳುತ್ತಿತ್ತು. ಪ್ರಯಾಣಿಕರು ದೂರು ಕೊಡಲಿಲ್ಲ, ಆದರೆ ತಲೆಯೆತ್ತಿ ಧ್ವನಿವರ್ಧಕದ ಕಡೆ ನೋಡುತ್ತಿದ್ದರು. ಮೇಲ್ವಿಚಾರಕ ಅವನನ್ನು ಮೈಕಿನ ಮುಂದಿನಿಂದ ಎಬ್ಬಿಸಿ, ವಾರಸುದಾರರಿಲ್ಲದ ಸಾಮಾನಿನ ಕೋಣೆಗೆ ಹಾಕಿದ.

ಆಗ ಆಸ್ಪತ್ರೆಗೆ ಹೊಸದಾಗಿ ಒಬ್ಬ ಶ್ವಾಸಕೋಶದ ಡಾಕ್ಟರ್ ಬಂದಿದ್ದಳು. ಕಡಿಮೆ ಮಾತಿನ, ಪೆನ್ಸಿಲಿನಲ್ಲಿ ಬರೆಯುವ ಹೆಂಗಸು. ಸ್ಕ್ಯಾನಿನ ಚಿತ್ರಗಳನ್ನು ಬಹಳ ಹೊತ್ತು ನೋಡಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ಮನೇಲಿ ಹಕ್ಕಿ ಸಾಕಿದೀರಾ? ಪಾರಿವಾಳ?"

"ಇಲ್ಲ."

"ಕೂಲರ್ ಇದೆಯಾ? ಹುಲ್ಲು, ಕಾಳಿನ ಗೋಡೌನು, ಅಂಥದ್ದೇನಾದ್ರೂ ಹತ್ತಿರ?"

"ಹುಲ್ಲಿದೆ," ಎಂದಳು ಅಕ್ಕ. ಅವಳ ಮುಖ ಅರಳಿತು. "ನಾನು ಅಣಬೆ ಬೆಳೀತೀನಿ. ಚಿಪ್ಪಣಬೆ. ಇವನು ಅದನ್ನ ತಿಂದೇ ಆಗ ಚೇತರಿಸಿಕೊಂಡಿದ್ದು. ನಿಮಗೂ ತಂದಿದೀನಿ." ಚೀಲದಿಂದ ಒಣಅಣಬೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರ್ ಪೆನ್ಸಿಲ್ ಕೆಳಗಿಟ್ಟಳು. "ಎಲ್ಲಿ ಬೆಳೀತೀರಿ?"

"ಮನೇಲೇ. ಹಿಂದಿನ ಕೋಣೇಲಿ."

"ಇವರು ಮಲಗೋದು ಎಲ್ಲಿ?"

ಅಕ್ಕ ಹೇಳಿದಳು. ಅಡ್ಡಗೋಡೆ, ಮೇಲೆ ಬಿಟ್ಟ ಒಂದು ಮೊಳ, ಮಂಚದ ಪಕ್ಕದ ನಾಲ್ಕು ಚೀಲ. ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ಡಾಕ್ಟರ ಮುಖದಲ್ಲಿ ಏನೋ ಓದಿಕೊಂಡಿದ್ದಳು.

ಡಾಕ್ಟರ್ ನಿಧಾನವಾಗಿ ವಿವರಿಸಿದಳು. ಅಣಬೆ ದೊಡ್ಡದಾದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜದ ಧೂಳು ಉದುರುತ್ತದೆ, ಲಕ್ಷಗಟ್ಟಲೆ. ಗಾಳಿಯಲ್ಲಿ ತೇಲುತ್ತದೆ. ಕೆಲವರ ಶ್ವಾಸಕೋಶ ಅದನ್ನು ಶತ್ರು ಎಂದು ತಿಳಿದು ಅದರ ಮೇಲೆ ಬೀಳುತ್ತದೆ. ದಿನಾ ಬಿದ್ದು ಬಿದ್ದು ಕೊನೆಗೆ ತನ್ನನ್ನೇ ಗಾಯ ಮಾಡಿಕೊಳ್ಳುತ್ತದೆ. ಗಾಯದ ಕಲೆ ಗಟ್ಟಿಯಾದರೆ ಆ ಭಾಗ ಮತ್ತೆ ಉಸಿರಾಡುವುದಿಲ್ಲ.

"ತಿಂದಿದ್ದಕ್ಕಲ್ಲ?"

"ತಿಂದಿದ್ದಕ್ಕೆ ಏನೂ ಆಗಿಲ್ಲ. ಬೇಯಿಸಿದ ಅಣಬೆ ಒಳ್ಳೇದೇ. ಉಸಿರಾಡಿದ್ದಕ್ಕೆ."

"ಈಗ ತೆಗೆದುಬಿಟ್ರೆ?"

"ತೆಗೀಲೇಬೇಕು, ಇವತ್ತೇ. ಮಾತ್ರೆ ಕೊಡ್ತೀನಿ. ಆದ್ರೆ ಎಷ್ಟು ವಾಪಸ್ ಬರತ್ತೆ ಅಂತ ಹೇಳಕ್ಕಾಗಲ್ಲ. ಸುಮಾರು ಕಲೆ ಕಾಣ್ತಿದೆ." ತಮ್ಮನ ಕಡೆ ತಿರುಗಿ ಕೇಳಿದಳು, "ಮನೆಯಿಂದ ಹೊರಗಿದ್ದಾಗ ಯಾವಾಗಾದ್ರೂ ಕಡಿಮೆ ಆಗಿತ್ತಾ?"

ಅವನು ನೆಲ ನೋಡಿದ. "ಆಗಿತ್ತು. ಎಂಟು ದಿನ ಬೇರೆ ಕಡೆ ಇದ್ದೆ. ಪೂರ್ತಿ ಹೋಗಿತ್ತು."

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಔಷಧಿ ಚೀಟಿ ಹಿಡಿದು ಇಬ್ಬರೂ ಕೂತರು. ಅವಳು ಕೇಳಿದಳು, "ನಿಂಗೆ ಗೊತ್ತಿತ್ತಾ?"

"ಖಾತ್ರಿ ಇರ್ಲಿಲ್ಲ."

"ಅನುಮಾನ ಇತ್ತಲ್ಲ."

"ಇತ್ತು."

"ಏಳು ತಿಂಗಳು."

ಅವನು ಉಸಿರು ಕೂಡಿಸಿಕೊಂಡು ಹೇಳಿದ. "ನೀನು ಅಲ್ಲಿ ಗುನುಗ್ತಾ ಇರ್ತಿದ್ದೆ. ಮೆಟ್ಟಿಲಲ್ಲಿ ನಗ್ತಾ ಮಾತಾಡ್ತಿದ್ದೆ. ಇದನ್ನ ಕಿತ್ತಾಕು ಅಂತ ಹೇಗೆ ಹೇಳ್ಲಿ? ಸ್ವಲ್ಪ ಕೆಮ್ಮು ತಾನೇ ಅಂದ್ಕೊಂಡೆ. ಇಷ್ಟಾಗತ್ತೆ ಅಂತ ಗೊತ್ತಿರ್ಲಿಲ್ಲ ಕಣೇ."

ಅವಳು ಎದ್ದು ಔಷಧಿ ತರಲು ಹೋದಳು. ಸಾಲಿನಲ್ಲಿ ನಿಂತಾಗ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತಮ್ಮನನ್ನು ಅವತ್ತೇ ಟೀಚರಮ್ಮನ ಮನೆಯಲ್ಲಿ ಇರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ನಲವತ್ತು ಚೀಲಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಂದೊಂದಾಗಿ ಕೆಳಗೆ ಹೊತ್ತುಹಾಕಿದಳು. ಹಾಸಿಗೆ, ದಿಂಬು, ಪರದೆ ಎಲ್ಲವೂ ಕಸದ ಗಾಡಿಗೆ ಹೋದವು. ಅಡ್ಡಗೋಡೆಯನ್ನು ಬಡಗಿ ಬಂದು ಬಿಚ್ಚಿದ. ಗೋಡೆಗಳನ್ನು ಮೂರು ಸಲ ತೊಳೆದು ಸುಣ್ಣ ಬಳಿಸಿದಳು. ಬೀಜದ ಪೊಟ್ಟಣ ಕೊಟ್ಟಿದ್ದ ಅಡುಗೆಯವನು ವಿಷಯ ಕೇಳಿ, "ಎರಡನೇ ದಿನ ಆ ಮನುಷ್ಯ ಹೇಳಿದ್ನಲ್ಲ ಅಕ್ಕ. ಪೂರ್ತಿ ಬಿಚ್ಚೋಕೆ ಮುಂಚೆ ಕೊಯ್ದುಬಿಡಿ, ಮಾಸ್ಕ್ ಹಾಕ್ಕೊಳ್ಳಿ, ಮನೆಯೊಳಗೆ ಬೇಡ ಅಂತ," ಎಂದ. ಆಮೇಲೆ ನೆನಪಾಗಿ, "ನೀವು ಅವತ್ತು ಬಂದಿರ್ಲಿಲ್ಲ," ಎಂದು ತಾನೇ ಸೇರಿಸಿದ.

ಮಾತ್ರೆಯಿಂದ ಮೊದಲ ತಿಂಗಳು ಸ್ವಲ್ಪ ಹಗುರವಾಯಿತು. ಅವನ ಮುಖ ಊದಿ ದುಂಡಗಾಯಿತು. ಅಷ್ಟರಲ್ಲೇ ಅವಳು ಆಸೆ ಕಟ್ಟಿಕೊಂಡಳು. ಎರಡನೇ ಸ್ಕ್ಯಾನಿನಲ್ಲಿ ಕಲೆ ಹಾಗೆಯೇ ಇತ್ತು, ಮೂರನೆಯದರಲ್ಲಿ ಹೆಚ್ಚಿತ್ತು. ಅಣಬೆ ಹೋದರೂ ಅದು ಎದೆಯೊಳಗೆ ಹಚ್ಚಿದ ಬೆಂಕಿ ಆರಲಿಲ್ಲ. ಆಮ್ಲಜನಕದ ಯಂತ್ರ ಮನೆಗೆ ಬಂತು, ಹಗಲಿಡೀ ಮೂಲೆಯಲ್ಲಿ ಗೊರಗೊರ ಎನ್ನುತ್ತಿತ್ತು. ಅದರ ಕೊಳವೆಯ ಉದ್ದ ಎಷ್ಟೋ ಅಷ್ಟೇ ಅವನ ಮನೆ: ಮಂಚ, ಕುರ್ಚಿ, ಬಚ್ಚಲಿನ ಬಾಗಿಲು.

ಅವಳು ಸೇವೆಯಲ್ಲಿ ಕೊರತೆ ಮಾಡಲಿಲ್ಲ. ಬೆನ್ನು ಒರೆಸಿದಳು, ಉಗುರು ತೆಗೆದಳು, ಕೆಲಸದಿಂದ ಮಧ್ಯಾಹ್ನ ಓಡಿಬಂದು ತಿನ್ನಿಸಿ ಹೋದಳು. ಆದರೆ ಮಾತು ಬಿಟ್ಟಳು. ಬೇಕೆಂದು ಬಿಟ್ಟದ್ದಲ್ಲ, ಬಾಯಿ ತೆರೆದರೆ ಏಳು ತಿಂಗಳು ಎಂಬುದೊಂದೇ ಬರುತ್ತಿತ್ತು. ತನ್ನ ಕೈಯಾರೆ ಆದದ್ದಕ್ಕೆ ಅವಳು ಹೇಗೋ ಎದೆ ಕಲ್ಲು ಮಾಡಿಕೊಂಡಾಳು. ಅವನು ಅವಳ ಸಂತೋಷವನ್ನು ಕಾಯುತ್ತಾ ಮಲಗಿದ್ದ ಎಂಬುದನ್ನು ಸಹಿಸಲಾಗುತ್ತಿರಲಿಲ್ಲ. ಆ ಸಂತೋಷ ಅವಳಿಗೆ ಈಗ ಕದ್ದ ಮಾಲಿನ ಹಾಗೆ ಕಾಣುತ್ತಿತ್ತು.

ಒಂದು ಸಂಜೆ ಅವನು ಹೇಳಿದ, "ಒಂದ್ಸಲ ಅಣಬೆ ಮಾಡಿ ಕೊಡೇ. ಈರುಳ್ಳಿ ಹಾಕಿ."

"ಬೇಡ."

"ತಿಂದ್ರೆ ಏನೂ ಆಗಲ್ಲ ಅಂದ್ರಲ್ಲ ಡಾಕ್ಟ್ರು. ಬಾಯಿ ರುಚಿ ಸತ್ತೋಗಿದೆ. ಅದೊಂದು ಹೋಗ್ಬೋದು ಅನ್ಸತ್ತೆ."

"ಆ ಹೆಸರು ಎತ್ಬೇಡ ನನ್ಮುಂದೆ," ಎಂದಳು, ಕಡ್ಡಿ ಮುರಿದ ಹಾಗೆ.

ಅವನು, "ಕೋಳಿ ಪಾಪ ಅಂತ ಕೇಳಿದ್ದು," ಎಂದು ನಗಲು ನೋಡಿದ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಕಾಲು ಗಂಟೆ ಹಿಡಿಯಿತು. ಅವಳು ಬೆನ್ನು ಸವರುತ್ತಾ ಕೂತಳು.

ಮೂರು ದಿನ ಅದೇ ಅವಳ ತಲೆ ತಿಂದಿತು. ನಾಲ್ಕನೇ ದಿನ ಮಾರುಕಟ್ಟೆಯಲ್ಲಿ ಕಾಲು ಕಿಲೋ ಚಿಪ್ಪಣಬೆ ಕೊಂಡಳು. ಅಂಗಡಿಯವಳು, "ಒಳ್ಳೇದಮ್ಮ ಇದು, ಶಕ್ತಿ ಬರತ್ತೆ," ಎಂದಾಗ ತಲೆಯಾಡಿಸಿದಳು. ಮನೆಯ ಹೊರಗೆ, ಮೆಟ್ಟಿಲ ಮೇಲೆ ಕೂತು ತೊಳೆದು ಹೆಚ್ಚಿದಳು. ಹುರಿದು ತಟ್ಟೆಗೆ ಹಾಕಿ ತಂದಾಗ ಅವನು ಒಂದು ತುಂಡು ಬಾಯಿಗೆ ಹಾಕಿಕೊಂಡ. ಅಗಿಯುವುದಕ್ಕೂ ಉಸಿರಾಡುವುದಕ್ಕೂ ಒಟ್ಟಿಗೆ ಆಗಲಿಲ್ಲ. ತುಂಡನ್ನು ಕೈಗೆ ಉಗಿದು, "ಚೆನ್ನಾಗಿದೆ, ಆಮೇಲೆ ತಿಂತೀನಿ," ಎಂದ. ಮಾರನೇ ದಿನ ಬೆಳಿಗ್ಗೆ ಅವಳು ತಟ್ಟೆ ಹಾಗೇ ತೆಗೆದಳು.

ಅದಾದ ಹನ್ನೊಂದನೇ ದಿನ, ಅವಳು ಕಿಡ್ನಿ ವಾರ್ಡಿನ ತಟ್ಟೆಗಳಿಗೆ ಅನ್ನ ತೂಗುತ್ತಿದ್ದಾಗ, ಟೀಚರಮ್ಮನ ಫೋನು ಬಂತು. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಂತ್ರ ಇನ್ನೂ ಓಡುತ್ತಿತ್ತು. ಯಾರಿಗೂ ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ. ಅವಳೇ ಬಗ್ಗಿ ಗುಂಡಿ ಒತ್ತಿದಳು. ಅವನ ಜೊತೆ ಕೊನೆಯದಾಗಿ ಆಡಿದ ಮಾತು ಯಾವುದೆಂದು ನೆನಪು ಮಾಡಿಕೊಂಡಳು. ನೀರು ಇಲ್ಲೇ ಇದೆ, ಎಂದಿದ್ದಳು. ಅಷ್ಟೇ.

ನಿಲ್ದಾಣದಿಂದ ಮೇಲ್ವಿಚಾರಕ, ಇಬ್ಬರು ಡ್ರೈವರುಗಳು ಬಂದು ಬಾಗಿಲಲ್ಲಿ ನಿಂತು ಹೋದರು. ಒಬ್ಬ ಡ್ರೈವರು ಏನಾದರೂ ಹೇಳಬೇಕೆಂದು, "ನಿಮ್ಮ ವಿಷಯ ಬಾಳ ಹೇಳ್ತಿದ್ದ. ನಮ್ಮಕ್ಕ ಡಾಕ್ಟ್ರು ಅಂತ," ಎಂದ.

ತಿಂಗಳಾದ ಮೇಲೆ ಶ್ವಾಸಕೋಶದ ಡಾಕ್ಟರ್ ಅವಳನ್ನೂ ಕರೆದು ಪರೀಕ್ಷೆ ಮಾಡಿದಳು. ಉಸಿರು ಅಳೆಯುವ ಕೊಳವೆಗೆ ಊದಿಸಿದಳು, ಎಕ್ಸ್‌ರೇ ತೆಗೆಸಿದಳು. ಕಿಟಕಿಯ ಬೆಳಕಿಗೆ ಹಿಡಿದು, "ಏನೂ ಇಲ್ಲ. ನಿಮ್ಮ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಎದೆ ನೋಡಿಲ್ಲ ನಾನು," ಎಂದಳು.

"ದಿನಾ ಆ ಕೋಣೇಲಿ ಇರ್ತಿದ್ದವಳು ನಾನು. ಅವನು ಗೋಡೆ ಆಚೆ ಇದ್ದ."

"ಕೆಲವರ ಮೈ ಒಪ್ಕೊಳತ್ತೆ, ಕೆಲವರದು ಒಪ್ಪಲ್ಲ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

ಅವಳು ಎಕ್ಸ್‌ರೇಯನ್ನು ಅಲ್ಲೇ ಬಿಟ್ಟು ಬಂದಳು.

ಕೆಲಸ ಮುಂದುವರಿಯಿತು. ಒಂದು ಮಧ್ಯಾಹ್ನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಾಗ ವಾರ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ತಡೆದಳು. ಅವಳ ಗಂಡ ಎದೆಯ ಸೋಂಕಿನಿಂದ ಎದ್ದು, ತಿಂಗಳಿನಿಂದ ಏನೂ ಸೇರದೆ ಕಡ್ಡಿಯಾಗಿ ಮಲಗಿದ್ದ.

"ಅಣಬೆ ಕೊಡ್ಬಹುದಾ? ಬಾಳ ಒಳ್ಳೇದಂತೆ. ನಿಮಗೆ ಗೊತ್ತಿರತ್ತೆ ಅಂದ್ರು."

"ಕೊಡಬಹುದು," ಎಂದಳು ಅಕ್ಕ. ಬಾಯಿಪಾಠ ಒಪ್ಪಿಸುವವಳ ಹಾಗೆ ಎಲ್ಲವನ್ನೂ ಹೇಳಿದಳು: ನೂರು ಗ್ರಾಮಿಗೆ ಮೂರು ಗ್ರಾಂ ಪ್ರೋಟೀನ್, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ನಾರು, ಬಿ ವಿಟಮಿನ್ನು, ಒಣಗಿಸಿ ಪುಡಿ ಮಾಡಿದರೆ ಸೂಪಿಗೆ ಹಾಕಬಹುದು, ಚೆನ್ನಾಗಿ ಬೇಯಿಸಬೇಕು. ಒಂದೂ ಸುಳ್ಳಿರಲಿಲ್ಲ.

ಹೆಂಗಸಿನ ಕಣ್ಣು ಹೊಳೆಯಿತು. "ಮನೇಲೇ ಬೆಳೀಬೋದಂತಲ್ಲ? ನಮ್ಮನೇಲಿ ಇವ್ರ ಕೋಣೆ ಪಕ್ಕ ಒಂದು ಜಾಗ ಖಾಲಿ ಇದೆ."

ಅಕ್ಕ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ಯಾರ ಮುಂದೆಯೂ ಹೇಳದಿದ್ದನ್ನು ಅಲ್ಲಿ, ತಟ್ಟೆಗಳು ತಣ್ಣಗಾಗುತ್ತಿರುವಾಗ, ಗುರುತಿಲ್ಲದವಳ ಮುಂದೆ ಹೇಳಿದಳು. ಕೋಣೆ, ಧೂಳು, ಏಳು ತಿಂಗಳು, ಯಂತ್ರ. ಹೆಂಗಸು ಕೇಳಿಸಿಕೊಂಡಳು. ನಡುವೆ ಎರಡು ಸಲ ಅಯ್ಯೋ ಎಂದಳು. ಮುಗಿದ ಮೇಲೆ ಅಕ್ಕನ ತೋಳು ಮುಟ್ಟಿ, "ಪಾಪ, ನಿಮ್ದು ಗ್ರಹಚಾರ," ಎಂದಳು.

ಅಕ್ಕ ವಾರ್ಡಿಗೆ ತಟ್ಟೆ ಹಂಚಿ ಖಾಲಿ ಗಾಡಿ ತಳ್ಳಿಕೊಂಡು ವಾಪಸು ಬಂದಾಗ, ಅಡುಗೆಮನೆಯ ಕಿಟಕಿಯ ಹತ್ತಿರ ಅದೇ ಹೆಂಗಸು ನಿಂತಿದ್ದಳು. ಒಳಗಿದ್ದ ಅಡುಗೆಯವನನ್ನು ಕೇಳುತ್ತಿದ್ದಳು, ಬೀಜ ಎಲ್ಲಿ ಸಿಗತ್ತೆ ಅಂತ.